ಹೋದದ್ದು, ಬಂದದ್ದು

ಹತ್ತು ವರ್ಷ ಹಳೆಯದು, ಬೂದಿ ಬಣ್ಣ.
'ಲಿಂಗಸುಗೂರಿನ ಡಾಕ್ಟರು ಇಟ್ಕೊಂಡಿದ್ದ ಗಾಡಿರೀ' ಅಂದ ದಲಾಲಿ.
ಡಾಕ್ಟರು ಅಂದರೆ ನಾನು ನಂಬಬಾರದಿತ್ತು,
ಹತ್ತೊಂಬತ್ತು ವರ್ಷ ಅವರ ಪಕ್ಕ ಟ್ರೇ ಹಿಡಿದು ನಿಂತವಳು.
ನಂಬಿದೆ.

ಎರಡನೇ ತಿಂಗಳು ಕೆಂಪು ದೀಪ ಹೊತ್ತಿತು.
ಸಿರವಾರದಲ್ಲಿ ರಾತ್ರಿ ಪಾಳಿ ಮುಗಿಸಿ ರಾಯಚೂರಿಗೆ ಬರುವಾಗ
ಕಲ್ಮಲಾ ದಾಟಿ ನಿಲ್ಲಿಸಿದೆ.
ಎಣ್ಣೆಕಡ್ಡಿ ಎಳೆದು, ಹತ್ತಿಯಿಂದ ಒರೆಸಿ, ಮತ್ತೆ ಇಳಿಸಿ ಎಳೆದೆ:
ತುದಿಗೂ ಜಿಡ್ಡಿಲ್ಲ.
ವಾಂತಿಭೇದಿಯ ಮೂರನೇ ದಿನದ ನಾಲಿಗೆ.

ರಾತ್ರಿ ಗಾಡಿಯ ಹೊಟ್ಟೆಯ ಕೆಳಗೆ ರಟ್ಟು ಹಾಸಿದೆ,
ಸಲೈನ್ ಬಾಟಲಿ ಬಂದ ಪೆಟ್ಟಿಗೆಯದು.
ಬೆಳಿಗ್ಗೆ ನೋಡಿದರೆ ಬೆಕ್ಕಿನ ಹೆಜ್ಜೆ,
ಒಂದು ಹನಿಯೂ ಇಲ್ಲ.

ಆಮೇಲೆ ಕೈ ಸುಮ್ಮನಿರಲಿಲ್ಲ. ಹಾಳೆಗೆ ಗೆರೆ ಹೊಡೆದೆ.
ತಾರೀಕು. ಕಿಲೋಮೀಟರು. ಒಳಗೆ ಹೋದದ್ದು. ಹೊರಗೆ ಬಂದದ್ದು.
ಎಂಟನೇ ತಾರೀಕು ಅರ್ಧ ಲೀಟರು.
ಹದಿನಾಲ್ಕಕ್ಕೆ ಮತ್ತೆ ಅರ್ಧ.
ಕೊನೆಯ ಕಾಲಂ ಖಾಲಿ, ಖಾಲಿ, ಖಾಲಿ.
ವಾರ್ಡಿನಲ್ಲಾದರೆ ಇಷ್ಟೊತ್ತಿಗೆ ಡಾಕ್ಟರರನ್ನು ಎಬ್ಬಿಸುತ್ತಿದ್ದೆ.

ಹೊಗೆ ಮೊದಲು ಕಂಡಿದ್ದು ಮಾರ್ಥಾಗೆ.
'ನಿನ್ನ ಹಿಂದ ನೀಲಿ ಹೊಗಿ, ಯಾರೋ ಊದುಬತ್ತಿ ಹಚ್ಚಿದಂಗ ಅದ.'
ನನ್ನ ಹಿಂದಿನದು ನನಗೆ ಹೇಗೆ ಕಾಣಬೇಕು?
ಶಕ್ತಿನಗರದ ಚಿಮಣಿಯಾದರೆ ಊರಿಗೆಲ್ಲ ಕಾಣುತ್ತದೆ.

ಆಶಾಪುರ ರಸ್ತೆಯ ಚಾಂದಪಾಷಾ ಗಾಡಿ ನೋಡಲಿಲ್ಲ ಮೊದಲು.
ಹಾಳೆ ಓದಿದ. ಪೂರ್ತಿ.
'ಹಿಂಗ ಬರ್ಕೊಂಡು ಬಂದವರು ನೀವೇ ಮೊದಲು, ಸಿಸ್ಟರ್.'
ಪ್ಲಗ್ ಬಿಚ್ಚಿದ. ಮೂರನೆಯದು ಕಾಡಿಗೆ ಮೆತ್ತಿಕೊಂಡಿತ್ತು.
ಮೀಟರು ಚುಚ್ಚಿದ: ನೂರಾ ಎಪ್ಪತ್ತು, ನೂರಾ ಅರವತ್ತೈದು,
ಮೂರನೆಯದು ನೂರಾ ಹತ್ತು.
ನನ್ನ ಬೆರಳು ತಾನಾಗಿ ನನ್ನ ಮಣಿಕಟ್ಟಿಗೆ ಹೋಗಿತ್ತು.
ಒಂದು ಚಮಚ ಎಣ್ಣೆ ಬಿಟ್ಟು ಮತ್ತೆ ನೋಡಿದ.
ಮುಳ್ಳು ಏರಿತು, ನೂರಾ ಐವತ್ತು.
'ರಿಂಗ್ ಸವದಾವ.'

ಹಳೆ ಎಣ್ಣೆಗೆ ಬೆರಳದ್ದಿ ಎಳೆದ, ಜೇನಿನ ಹಾಗೆ ನೂಲು ಬಂತು.
'ಮಾರೋ ಮುಂದ ಔಷಧಿ ಹಾಕ್ಯಾರ. ಒಂದು ತಿಂಗಳು ಹೊಗಿ ಮುಚ್ತದ.'
ಪಕ್ಕದ ಶೆಡ್ಡಿನ ಹುಡುಗ ಅಲ್ಲಿಂದಲೇ ಕೂಗಿದ,
'ನೀವೂ ಒಂದು ಡಬ್ಬಿ ಹಾಕಿ ಮಾರಿಬಿಡ್ರಿ ಅಕ್ಕಾರ!'
ತಮಾಷೆಯಲ್ಲ. ಡಬ್ಬಿ ಅವನ ಕೈಯಲ್ಲೇ ಇತ್ತು, ಮುನ್ನೂರೈವತ್ತು ರೂಪಾಯಿ.
ಸುಳ್ಳೇಕೆ, ಲೆಕ್ಕ ಹಾಕಿದೆ ನಾನು,
ಕಲ್ಮಲಾದ ಕತ್ತಲಲ್ಲಿ ಇನ್ನೊಬ್ಬಳ ಕೆಂಪು ದೀಪದವರೆಗೂ.
ಬೇಡ ಅಂದೆ.

'ಎಂಜಿನ್ ಬಿಚ್ಚಿದರ ನಲವತ್ತು ಸಾವಿರ. ಗಾಡಿಗೆ ಎಷ್ಟು ಕೊಟ್ರಿ?'
'ಒಂದು ಲಕ್ಷ ಹತ್ತು.'
ಅವನು ಕೈ ಒರೆಸಿಕೊಂಡು ಬೇವಿನ ಮರದ ಆಚೆಗೆ ಕರೆದ.
ಆ ದನಿ ನನಗೆ ಗೊತ್ತು.
ವರಾಂಡದ ಕೊನೆಗೆ ಮನೆಯವರನ್ನು ಕರೆದೊಯ್ದು
ನಾನೇ ಎಷ್ಟು ಸಲ ಅದರಲ್ಲಿ ಮಾತಾಡಿದ್ದೇನೆ.
'ಬಿಚ್ಚಬ್ಯಾಡ್ರಿ. ವಾಲ್ವ್ ಸೀಲ್ ಹಾಕ್ತೀನಿ, ಮುಂಜಾನಿ ಹೊಗಿ ಕಡಿಮಿ ಆಗ್ತದ.
ದಪ್ಪ ಎಣ್ಣಿ ಹಾಕ್ರಿ. ವಾರಕ್ಕೊಮ್ಮೆ ಕಡ್ಡಿ ನೋಡ್ರಿ.
ಹಸಿದಾಗ ಕೊಡ್ರಿ. ಓಡ್ತದ.'
'ಎಷ್ಟು ದಿನ?'
ನಾವು ಹೇಳುವುದಿಲ್ಲವಲ್ಲ, ಅವನೂ ಹೇಳಲಿಲ್ಲ.

ಈಗ ಡಿಕ್ಕಿಯಲ್ಲಿ ಹೆರಿಗೆ ಕಿಟ್ಟಿನ ಪಕ್ಕ ಎಣ್ಣೆಯ ಕ್ಯಾನು.
ಸಾವಿರ ಕಿಲೋಮೀಟರಿಗೆ ಮುನ್ನೂರು ಎಂ.ಎಲ್. ಕುಡಿಯುತ್ತದೆ.
ಹಾಳೆ ಬಿಟ್ಟಿಲ್ಲ.
ಮೊನ್ನೆ ಗುರುವಾರ ನಡುರಾತ್ರಿ ಫೋನು,
ಐವತ್ತು ನಿಮಿಷದಲ್ಲಿ ಸಿರವಾರ ಮುಟ್ಟಿದೆ.
ಬೆಳಿಗ್ಗೆ ಬಾನೆಟ್ ಮೇಲೆ ಹಾಳೆಯಿಟ್ಟು ಬರೆದೆ,
ಒಳಗೆ ಹೋದದ್ದು: ಇನ್ನೂರು.
ಹೊರಗೆ ಬಂದದ್ದು: ಹೆಣ್ಣು, ಎರಡೂ ಮುಕ್ಕಾಲು ಕೆ.ಜಿ.

ಹೊಗೆ ಇನ್ನೂ ಸ್ವಲ್ಪ ಬರುತ್ತದೆ ಅನ್ನುತ್ತಾಳೆ ಮಾರ್ಥಾ.